ಕರೆಂಟ್ ಹೋದರೆ ಕೇಳಿಸುವ ರೇಡಿಯೊ

"ಏಳನೇ ಕ್ಲಾಸು ದಾಟದೋನಿಗೆ ರೇಡಿಯೊ ಲೈಸೆನ್ಸ್ ಯಾರೋ ಕೊಡ್ತಾರೆ? ಆಗದ ಮಾತು ಬಿಡು" ಎಂದವರು ಮಾಮನ ಸ್ವಂತ ಅಣ್ಣ.

ದೊಡ್ಡಬಳ್ಳಾಪುರದ ನಮ್ಮ ಬೀದಿಯಲ್ಲಿ ಆ ಅಣ್ಣತಮ್ಮಂದಿರು ಒಂದೇ ಮನೆಯಲ್ಲಿ ಪವರ್‌ಲೂಮ್ ಓಡಿಸುತ್ತಿದ್ದರು. ತಮ್ಮನನ್ನು ನಾನು ಮಾಮ ಎನ್ನುತ್ತಿದ್ದೆ. ಗುಜರಿಯಲ್ಲಿ ಸಿಕ್ಕಿದ, ಹವ್ಯಾಸಿಗಳು ಕೈಯಲ್ಲಿ ಹಿಡಿದು ದೂರದವರೊಡನೆ ಮಾತಾಡುವ ಹಳೆಯ ಹ್ಯಾಮ್ ರೇಡಿಯೊವನ್ನು ಅವರು ಅಡುಗೆಕಟ್ಟೆಯ ಮೇಲೆ ಬಿಚ್ಚಿಟ್ಟು ರಿಪೇರಿ ಮಾಡುತ್ತಿದ್ದರು. ಬೆಸುಗೆ ಹಾಕಲು ಕರೆಂಟ್ ಬೇಕು; ಆದರೆ ಕರೆಂಟ್ ಇದ್ದರೆ ಮಗ್ಗದ ಸದ್ದಿಗೆ ಏನೂ ಕೇಳಿಸದು. "ತಡಿಯಮ್ಮ, ಕರೆಂಟ್ ಹೋಗ್ಲಿ" ಎನ್ನುತ್ತಾ ಕಾಯುತ್ತಿದ್ದರು. ಕರೆಂಟ್ ಹೋಗಿ ಬೀದಿಯೆಲ್ಲ ಬೈಯುವಾಗ ಅವರೊಬ್ಬರು ಖುಷಿಯಾಗಿ ಆ ಬ್ಯಾಟರಿ ರೇಡಿಯೊ ಹಿಡಿದು ಜಗಲಿಗೆ ಬರುತ್ತಿದ್ದರು.

ಒಂದು ಮಧ್ಯಾಹ್ನ ಕೊನೆಗೂ ಅದರಲ್ಲಿ ದನಿ ಬಂತು: "ಯಾರಾದ್ರೂ ಕೇಳಿಸ್ಕೊಳ್ತಿದೀರಾ?"

ಮಾಮ ಗುಂಡಿಯ ಮೇಲಿಂದ ಹೆಬ್ಬೆರಳು ತೆಗೆದು, ಬರೀ ಗಾಳಿಗೆ "ಕೇಳಿಸ್ತಿದೆ ಸಾರ್" ಅಂದರು. ಗುಂಡಿ ಒತ್ತಿ ಮಾತಾಡಲು ಪರೀಕ್ಷೆ ಪಾಸಾಗಿ ಲೈಸೆನ್ಸ್ ಪಡೆಯಬೇಕಿತ್ತು.

ಪರೀಕ್ಷೆಯ ಪುಸ್ತಕ ಇಂಗ್ಲಿಷಿನದು. ನಮ್ಮ ವಂಶದಲ್ಲೇ ಡಿಗ್ರಿ ಮಾಡಿದ ಮೊದಲನೆಯವಳು ನಾನು. ಆ ಇಂಗ್ಲಿಷನ್ನು ನಾನೂ ಒದ್ದಾಡಿಯೇ ಕಲಿತವಳು. ನಾನು ಓದಿ ಕನ್ನಡದಲ್ಲಿ ಬಿಡಿಸಿ ಹೇಳುತ್ತಿದ್ದೆ, ಅವರು ನೂಲು ಸುತ್ತುತ್ತಾ ಬಾಯಿಪಾಠ ಮಾಡುತ್ತಿದ್ದರು. ಮೊದಲ ಸಲ ಫೇಲಾದರು. ಅಣ್ಣ ನಕ್ಕರು. ಮಾಮ ಮತ್ತೆ ಕಟ್ಟಿ ಪಾಸಾದರು.

ಲೈಸೆನ್ಸ್ ಬಂದ ದಿನ ಅದನ್ನು ನೇಯುತ್ತಿದ್ದ ಅಣ್ಣನ ಕೈಗೆ ಕೊಟ್ಟರು. ಅಣ್ಣ ಹಿಂದೆ ಮುಂದೆ ತಿರುಗಿಸಿ ನೋಡಿ ವಾಪಸ್ ಕೊಟ್ಟರು. ಆಮೇಲೆ ಎದ್ದು ಹೋಗಿ, ಸೀರೆ ಅರ್ಧಕ್ಕೇ ಇದ್ದರೂ, ಸ್ವಿಚ್ ಆರಿಸಿದರು.

"ಮಗ್ಗ ನಿಲ್ಸಿದೀನಿ. ಮಾತಾಡೋ."