ದೊಡ್ಡ ಟಿವಿಯಲ್ಲಿ ಅವರು

ಸಿಂಧನೂರಿನ ನಮ್ಮ ಮನೆಗೆ ದೊಡ್ಡ ಎಚ್‌ಡಿ ಟಿವಿ, ಜೊತೆಗೆ ಒಳ್ಳೆಯ ಸ್ಪೀಕರು ಬಂದ ವಾರ, ಅವ್ವನನ್ನು ಕೂರಿಸಿಕೊಂಡು ಒಂದು ಸಿನಿಮಾ ನೋಡಿದೆ. ಭಜನೆ ಹಾಡುವ ಗಾಯಕನೊಬ್ಬನ ಜೀವನಕಥೆ. ಅವನ ಹಣೆಯ ವಿಭೂತಿ ಬೆವರಿಗೆ ಕರಗುವುದೂ ನಿಚ್ಚಳವಾಗಿ ಕಾಣುತ್ತಿತ್ತು. ಪದ ಎತ್ತಿಕೊಳ್ಳುವ ಮುಂಚೆ ಅವನು ಉಸಿರೆಳೆದುಕೊಂಡದ್ದು ನಮ್ಮ ಪಕ್ಕದಲ್ಲೇ ಕೂತು ಎಳೆದುಕೊಂಡಂತೆ ಕೇಳಿಸಿತು.

ಅವ್ವ ಸೆರಗು ಸರಿಮಾಡಿಕೊಂಡು ನೆಟ್ಟಗೆ ಕೂತಳು. "ಅವರೂ ಹಿಂಗ ಉಸಿರು ತಗೊಂತಿದ್ರು," ಅಂದಳು.

ಅವ್ವನ ಬಾಯಲ್ಲಿ 'ಅವರು' ಅಂದರೆ ಅಪ್ಪ ಮಾತ್ರ. ಗಂಡನ ಹೆಸರನ್ನು ಅವಳು ಯಾವತ್ತೂ ಹೇಳಿದವಳಲ್ಲ, ಅಪ್ಪ ತೀರಿಕೊಂಡ ಮೇಲೂ.

ಅಪ್ಪ ಹತ್ತಿರದ ಜವಳಗೇರಾದಲ್ಲಿ ಭಜನೆ ಹಾಡಿದ್ದರ ವಿಡಿಯೊ ನನ್ನ ಹಳೇ ಫೋನಿನಲ್ಲಿತ್ತು. ನಮಗೆ ಉಳಿದಿರುವುದು ಅದೊಂದೇ. ಅವ್ವ ಖುಷಿಪಡಲಿ ಎಂದು ಅದನ್ನೂ ಟಿವಿಗೆ ಹಾಕಿದೆ. ಅಷ್ಟು ದೊಡ್ಡ ಪರದೆಯ ಮೇಲೆ ಅಪ್ಪನ ಮುಖ ಬರೀ ಚೌಕ ಚೌಕ ಬಣ್ಣವಾಗಿ ಒಡೆದುಹೋಯಿತು. ಹಾಡುವಾಗ ಹೊರಗೆ ಯಾರದೋ ಟ್ರ್ಯಾಕ್ಟರು ಹೊರಟಿತ್ತು. ದರಿದ್ರ ಸ್ಪೀಕರು ಆ ಟ್ರ್ಯಾಕ್ಟರನ್ನೇ ಸ್ಪಷ್ಟವಾಗಿ ಕೇಳಿಸಿತು.

"ಯಾರಪಾ ಇವ?" ಅಂದಳು ಅವ್ವ.

ಅಪ್ಪನನ್ನು ಅವಳು ಏಕವಚನದಲ್ಲಿ ಕರೆದದ್ದು ಅದೇ ಮೊದಲು. ನಾನು ವಿಡಿಯೊ ಆರಿಸಿಬಿಟ್ಟೆ.

ಈಗ ದಿನಾ ಸಂಜೆ ದೇವರಿಗೆ ದೀಪ ಹಚ್ಚಿ, ಸೆರಗು ಸರಿಮಾಡಿಕೊಂಡು, ಟಿವಿ ಮುಂದೆ ಬಂದು ಕೂರುತ್ತಾಳೆ.

"ಅವರನ್ನ ಹಚ್ಚಪಾ," ಅನ್ನುತ್ತಾಳೆ.

ನಾನು ಸಿನಿಮಾ ಹಚ್ಚುತ್ತೇನೆ.