ಸೋಮವಾರ ಹೂಡಿದ ಎತ್ತು

ಮನೆಯಲ್ಲಿ ಯಾರಾದರೂ ನಲ್ಲಿ ಜೋರಾಗಿ ತಿರುವಿದರೆ ನಾನು ಈಗಲೂ ಥಟ್ಟನೆ ಎದ್ದು ನಿಲ್ಲುತ್ತೇನೆ. ಅಕ್ಕ ನಗುತ್ತಾಳೆ. ನೀರಿನಲ್ಲಿ ಸಿಕ್ಕಿಬಿದ್ದಿದ್ದವಳು ಅವಳು, ಬೆಚ್ಚುವವನು ನಾನು.

ನೆಲೋಗಿ ಕಡೆಯ ನಮ್ಮೂರಿನಲ್ಲಿ ಸೋಮವಾರ ಯಾರೂ ಎತ್ತು ಹೂಡುವುದಿಲ್ಲ. ಅದು ಬಸವಣ್ಣನ ವಾರ, ಎತ್ತೆಂದರೆ ಬಸವಣ್ಣನೇ. ಬೆಳಿಗ್ಗೆ ಅವುಗಳ ಮೈ ತೊಳೆದು, ಹಣೆಗೆ ವಿಭೂತಿ ಹಚ್ಚಿ, ಮೇಯಲು ಬಿಡುತ್ತಾರೆ. ಪಕ್ಕದ ಹೊಲದ ಮುಸ್ಲಿಂ ಕಾಕಾ ಕೂಡ ಅಂದು ನೊಗ ಮುಟ್ಟುವುದಿಲ್ಲ. ಕೇಳಿದರೆ, "ನಾ ಯಾರಾದ್ರೇನ್ರಿ, ಎತ್ತು ಬಸವಣ್ಣಂದೇ ಅಲ್ಲೇನ್ರಿ?" ಎನ್ನುತ್ತಾರೆ.

ನಾನು ಕಾಲೇಜಿನಲ್ಲಿ ತತ್ವಶಾಸ್ತ್ರ ಓದಿದವನು, ಬಾಯಿ ಸುಮ್ಮನಿರುವುದಿಲ್ಲ. ಆ ಭಾನುವಾರ ಊಟಕ್ಕೆ ಕುಳಿತಾಗ ದೊಡ್ಡಪ್ಪನನ್ನು ಕೆಣಕಿದೆ.

"ದೊಡ್ಡಪ್ಪ, ಸೋಮವಾರ ಎತ್ತು ಹೂಡೋದು ದೇವರು ಬ್ಯಾಡ ಅಂದಿದ್ದಕ್ಕ ತಪ್ಪೋ, ಇಲ್ಲಾ ಅದು ತಪ್ಪು ಅಂತ ದೇವರು ಬ್ಯಾಡ ಅಂದನೋ?"

"ಎರಡೂ ಒಂದೇ ಅಲ್ಲೇನೋ?"

"ಒಂದಲ್ಲ. ಬರೀ ಅವನ ಮನಸ್ಸಿಗಿ ಬಂದಂಗಾದ್ರ, ನಾಳೆ ಎತ್ತಿಗಿ ಉಪವಾಸ ಕೆಡವ್ರಿ ಅಂದ್ರೂ ಅದೇ ಧರ್ಮ ಆಗ್ತದ."

"ಹಂಗ ಅನ್ನಂಗಿಲ್ಲ ಅವ."

"ಯಾಕ ಅನ್ನಂಗಿಲ್ಲ?"

"ಅನ್ನಂಗಿಲ್ಲ ಅಂದ್ರ ಅನ್ನಂಗಿಲ್ಲ. ರೊಟ್ಟಿ ತಣ್ಣಗಾಗ್ತದ, ಉಣ್ಣು."

ಮರುದಿನ ಮಧ್ಯಾಹ್ನ ಅಕ್ಕನೂ ನಾನೂ ಜೇವರ್ಗಿಯಿಂದ ಟಂಟಂ ಆಟೋದಲ್ಲಿ ಬರುತ್ತಿದ್ದೆವು. ನಮ್ಮ ಹೊಲದ ಬಳಿಯ ಹಳ್ಳಕ್ಕೆ ಒಂದು ತಗ್ಗಿನ ಸೇತುವೆಯಿದೆ. ಅದರ ಅಂಚಿನಲ್ಲಿ ಹಿಂದಿನ ಗಾಲಿ ಜಾರಿ, ಗಾಡಿ ಹಳ್ಳಕ್ಕೆ ವಾಲಿತು. ಡ್ರೈವರ್ ಮತ್ತು ನಾನು ಹೊರಗೆ ಬಿದ್ದೆವು. ಅಕ್ಕನ ಪಾದ ಸೀಟಿನ ಕೆಳಗೆ ಬಗ್ಗಿದ ಸರಳಿನಲ್ಲಿ ಸಿಕ್ಕಿಕೊಂಡಿತು. ಎಳೆದರೆ ಚೀರುತ್ತಿದ್ದಳು. ನಮ್ಮ ತಲೆಯ ಮೇಲೆ ಬಿಸಿಲಿತ್ತು, ಆದರೆ ಮೇಲಿನ ಊರುಗಳಲ್ಲಿ ಮಳೆಯಾಗಿತ್ತು. ನೋಡನೋಡುತ್ತ ಕೆಂಪು ನೀರು ಗಾಡಿಯೊಳಗೆ ಬಂತು. ಇಬ್ಬರೂ ಸೇರಿ ಗಾಡಿ ಎತ್ತಲು ಹೋದರೆ ಗಾಲಿ ಇನ್ನಷ್ಟು ಕೆಸರಿಗೆ ಇಳಿಯಿತು.

ನಾನು ಹೊಲದ ಕಡೆ ಓಡಿದೆ. ಬೇವಿನ ನೆರಳಲ್ಲಿ ದೊಡ್ಡಪ್ಪ ಎತ್ತು ಬಿಟ್ಟುಕೊಂಡು ಕೂತಿದ್ದರು. ಇವತ್ತು ಸೋಮವಾರ ಎನ್ನುವುದು ನನಗೆ ಆಗ ನೆನಪಾಯಿತು. ದೊಡ್ಡಪ್ಪ ಬೇಡವೆಂದರೆ ಏನು ಮಾಡಲಿ? "ಅಕ್ಕ... ಹಳ್ಳದಾಗ..." ಎಂದದ್ದಷ್ಟೇ. ದೊಡ್ಡಪ್ಪ ಆಗಲೇ ನೊಗ ಎತ್ತಿದ್ದರು.

ಒಪ್ಪದಿದ್ದದ್ದು ಎತ್ತುಗಳು! ಮೈ ತೊಳೆಸಿಕೊಂಡ ದಿನ ನೊಗವಿಲ್ಲವೆಂದು ಅವಕ್ಕೆ ವರ್ಷಗಳಿಂದ ರೂಢಿ. ಹಳ್ಳದ ದಂಡೆಗೆ ಬಂದು, ಹಗ್ಗ ಗಾಡಿಗೆ ಬಿಗಿಯುವಷ್ಟರಲ್ಲಿ ಎಡಗಡೆಯದು ಆರಾಮಾಗಿ ಕುಳಿತೇಬಿಟ್ಟಿತು. ದೊಡ್ಡಪ್ಪ ಬಾರುಕೋಲು ಹಿಡಿದಿರಲಿಲ್ಲ. ಎತ್ತಿನ ಮುಂದೆ ಮೊಣಕಾಲೂರಿ, "ಇವತ್ತೊಂದಿನ ಏಳೋ ನಮ್ಮಪ್ಪಾ, ನಿನ್ನ ಕಾಲಿಗಿ ಬೀಳ್ತೇನಿ" ಎನ್ನತೊಡಗಿದರು.

ಗಾಡಿಯೊಳಗಿಂದ ಅಕ್ಕ ಕೂಗಿದಳು: "ಪೂಜಿ ಆಮ್ಯಾಲ ಮಾಡ್ರಿ ದೊಡ್ಡಪ್ಪಾ! ನೀರು ಟೊಂಕಕ್ಕ ಬರಾಕತ್ತದ!"

ಆ ಕೂಗಿಗೋ, ಬಾಲದ ಕಡೆ ಬಂದ ತಣ್ಣನೆಯ ನೀರಿಗೋ, ಎತ್ತು ಎದ್ದಿತು. ಎದ್ದದ್ದೇ ಎರಡೂ ಸೇರಿ ಜಗ್ಗಿದವು. ಗಾಡಿ ಕಿರ್ರೆಂದು ಮೇಲೆದ್ದಿತು. ನಾನು ಅಕ್ಕನ ಪಾದ ಬಿಡಿಸಿ, ಅವಳನ್ನು ಹೊತ್ತು ದಂಡೆಗೆ ತಂದೆ. ಸ್ವಲ್ಪ ಹೊತ್ತಿಗೆ ಸೇತುವೆಯೇ ಕಾಣದಂತೆ ನೀರು ಹರಿಯಿತು. ಈಗಲೂ ಮಲಗಿದಾಗ ನನ್ನ ಕಣ್ಣ ಮುಂದೆ ಇಷ್ಟೇ ಬರುವುದು: ಹಗ್ಗ ಬಿಗಿಯಾಗಿದೆ, ಎತ್ತು ಕುಳಿತೇ ಇದೆ.

ಸಂಜೆ ದೊಡ್ಡಪ್ಪ ಬಸವಣ್ಣನ ಗುಡಿಗೆ ಹೋಗಿ ಗಲ್ಲ ಗಲ್ಲ ಬಡಿದುಕೊಂಡರು.

"ಜೀವ ಉಳಿಸೀರಿ, ಇದ್ರಾಗ ತಪ್ಪೇನದ?" ಎಂದೆ.

"ತಪ್ಪಲ್ಲ ಅಂತ ನನಗೂ ಗೊತ್ತದ. ಬಸವಣ್ಣಗ ಹೇಳದ ಮಾಡೀನಿ, ಈಗ ಬಂದು ಹೇಳೀನಿ ಅಷ್ಟ."

"ಅವ ಸಿಟ್ಟಾದ್ರ?"

"ನಿಮ್ಮಕ್ಕ ಮುಳುಗಲಿ, ನನ್ನ ವಾರ ಉಳೀಲಿ ಅನ್ನಂವ ಆಗಿದ್ರ, ಇಷ್ಟು ವರ್ಷ ನಾ ಅವನ ಮಾತು ಯಾಕ ಕೇಳ್ತಿದ್ದೆ?"

ಹಾಗಾದರೆ ಒಳ್ಳೆಯದು ಯಾವುದೆಂದು ದೇವರು ಹೇಳುವ ಮೊದಲೇ ನಿಮಗೆ ಗೊತ್ತಿತ್ತಲ್ಲ ಎಂದು ಕೇಳಬೇಕೆನಿಸಿತು. ದೊಡ್ಡಪ್ಪ ಆಗಲೇ ಗುಡಿಯ ಮೆಟ್ಟಿಲು ಇಳಿಯುತ್ತಿದ್ದರು. ನಾನು ಚಪ್ಪಲಿ ಮೆಟ್ಟಿ ಹಿಂದೆ ಹೊರಟೆ.

ರಾತ್ರಿ ನಮ್ಮಲ್ಲೂ ಒಂದಿಷ್ಟು ಮಳೆ ಬಿದ್ದು, ಮಂಗಳವಾರ ಮಣ್ಣು ಬಿತ್ತನೆಗೆ ಒಳ್ಳೆಯ ಹದಕ್ಕೆ ಬಂದಿತ್ತು. ಸುತ್ತಲಿನವರೆಲ್ಲ ತೊಗರಿ ಬಿತ್ತಲು ಹೊರಟರು. ನಮ್ಮ ಎತ್ತುಗಳು ಮಾತ್ರ ಮತ್ತೆ ಮೈ ತೊಳೆಸಿಕೊಂಡು ಕೊಟ್ಟಿಗೆಯಲ್ಲಿ ಮೆಲುಕು ಹಾಕುತ್ತಿದ್ದವು.

"ಹದ ಹೋಗ್ತದ, ನಿಮಗೇನ್ ಹುಚ್ಚು ಹಿಡದದೇನು?" ದೊಡ್ಡಮ್ಮ ಒದರಿದರು.

"ಅವುರ ರಜಾ ನಿನ್ನೆ ನಾವು ತಿಂದೀವಿ. ಇವತ್ತ ಕೊಡಬೇಕು. ಬಿತ್ತೋದು ನಾಳೆ."

ಹಾಗಿದ್ದರೆ ವಾರ ಯಾವುದಾದರೇನು, ವಿಶ್ರಾಂತಿಯೇ ಮುಖ್ಯ ಎಂದಂತಾಯಿತಲ್ಲ ಎಂದು ನಾನು ಬಾಯಿ ತೆರೆದೆ. ಊದಿದ ಪಾದವನ್ನು ದಿಂಬಿನ ಮೇಲಿಟ್ಟುಕೊಂಡು ಅಕ್ಕ ಬಾಗಿಲಲ್ಲೇ ಕೂತಿದ್ದಳು.

"ಲೇ ತಮ್ಮಾ, ನನ್ನ ಎಳದು ತೆಗದಾವ ಅವು. ಮೊದಲ ಹೊಟ್ಟು ಹಾಕು ಹೋಗು. ಎಡಗಡೀದಕ್ಕ ಒಂದು ಬುಟ್ಟಿ ಜಾಸ್ತಿ."

"ಕುಂತಿದ್ದೇ ಅದು!"

"ಎದ್ದಿದ್ದೂ ಅದೇ. ನಡಿ, ನಡಿ."

ನಾನು ಬುಟ್ಟಿ ಎತ್ತಿಕೊಂಡೆ.