ಫ್ಲಾರೆನ್ಸ ಅಕ್ಕೋರ ಶನಿವಾರದ ಯುದ್ಧ

ಬೀದರ ಜಿಲ್ಲೆಯ ಇತಿಹಾಸದಲ್ಲಿ ಕೋಟೆ ಕಟ್ಟಿದವರ ಹೆಸರುಗಳಿವೆ, ಕೋಟೆ ಮುತ್ತಿದವರ ಹೆಸರುಗಳಿವೆ. ಹೇನುಗಳ ವಿರುದ್ಧ ಮೂವತ್ತೊಂದು ವರ್ಷ ದಂಡೆತ್ತಿ ಹೋಗಿ ಒಮ್ಮೆಯೂ ಬೆನ್ನು ತೋರಿಸದ ಫ್ಲಾರೆನ್ಸ ಅಕ್ಕೋರ ಹೆಸರು ಮಾತ್ರ ಎಲ್ಲಿಯೂ ಇಲ್ಲ. ಆ ಕೊರತೆಯನ್ನು ಇಲ್ಲಿ ತುಂಬಲಾಗಿದೆ.

ಅಕ್ಕೋರು ಬೀದರಿನ ಚಿದ್ರಿಯವರು. ತಾಯಿ ಜ್ಞಾನಮ್ಮ ಮಿಷನ್ ಆಸ್ಪತ್ರೆಯಲ್ಲಿ ನರ್ಸ್ ಆಗಿದ್ದವರು. ಆಕೆಯಿಂದ ಮಗಳಿಗೆ ಬಂದ ಆಸ್ತಿ ಎಂದರೆ ದೇವರ ಭಯ ಮತ್ತು ಹೇನಿನ ವಿಷಯದಲ್ಲಿ ನಿರ್ಭಯ. ಔರಾದ ತಾಲೂಕಿನ ಸಂತಪುರದ ಆಚೆ ಒಂದು ಹಳ್ಳಿಯ ಸರ್ಕಾರಿ ಶಾಲೆಗೆ ಪಾಠ ಹೇಳಲು ಅವರು ದಿನಾ ಬಸ್ಸಿನಲ್ಲಿ ಹೋಗಿ ಬರುತ್ತಿದ್ದರು. ಅವರ ಕೈಚೀಲದಲ್ಲಿ ಪೌಡರ್ ಇರಲಿಲ್ಲ, ಕನ್ನಡಿ ಇರಲಿಲ್ಲ. ಎರಡೂ ಕಡೆ ಹಲ್ಲಿರುವ ಮರದ ಹಣಿಗೆ, ಒಂದು ಬಿಳಿ ಟವೆಲ್, ಒಂದು ಸಣ್ಣ ಬಾಟಲಿ, ಇಷ್ಟೇ. ಬಾಟಲಿಯೊಳಗೆ ಸೀತಾಫಲದ ಬೀಜ ನುಣ್ಣಗೆ ಅರೆದು ಕೊಬ್ಬರಿ ಎಣ್ಣೆಯಲ್ಲಿ ಕಲಸಿದ ಬ್ರಹ್ಮಾಸ್ತ್ರ. ಅದು ಕಣ್ಣಿಗೆ ಬಿದ್ದರೆ ಮಗು ವಾರಗಟ್ಟಲೆ ನರಳಬೇಕು. ಆದ್ದರಿಂದ ಹಣೆಗೆ ಬಟ್ಟೆಯ ಪಟ್ಟಿ ಬಿಗಿಯಾಗಿ ಕಟ್ಟದೆ ಅಕ್ಕೋರು ಆ ಅಸ್ತ್ರವನ್ನು ಹೂಡುತ್ತಿರಲಿಲ್ಲ.

ಯುದ್ಧದ ದಿನ ಶನಿವಾರ. ಅಂದು ಮುಂಜಾನೆಯ ಶಾಲೆ, ಹತ್ತೂವರೆಗೆಲ್ಲ ಪಾಠ ಮುಗಿದಿರುತ್ತಿತ್ತು. ರಣರಂಗ ಶಾಲೆಯ ಅಂಗಳದ ಬೇವಿನ ಮರದ ಬುಡ. ಅಕ್ಕೋರು ಕಟ್ಟೆಯ ಮೇಲೆ ಕುಳಿತು, ಮಗುವಿನ ತಲೆಯನ್ನು ತೊಡೆಯ ಮೇಲೆ ಎಳೆದುಕೊಂಡು, ಟವೆಲ್ ಹಾಸಿ ಹಣಿಗೆ ಎತ್ತಿದರೆಂದರೆ ಶತ್ರುಪಾಳಯದಲ್ಲಿ ಹಾಹಾಕಾರ. ಬಿಳಿ ಟವೆಲಿನ ಮೇಲೆ ಬಿದ್ದವರನ್ನು ಹೆಬ್ಬೆರಳಿನ ಉಗುರಿನಿಂದ ಅಲ್ಲಿಯೇ ವಿಚಾರಣೆಗೆ ಒಳಪಡಿಸಲಾಗುತ್ತಿತ್ತು. ಮೇಲ್ಮನವಿಗೆ ಅವಕಾಶವಿರಲಿಲ್ಲ.

ಬರ ಬಿದ್ದ ವರ್ಷ ಯುದ್ಧ ಜೋರಾಗುತ್ತಿತ್ತು. ದೀಪಾವಳಿ ಮುಗಿಯುತ್ತಲೇ ಅಪ್ಪ ಅವ್ವಂದಿರು ಗಂಟು ಕಟ್ಟಿಕೊಂಡು ಹೈದರಾಬಾದಿಗೆ ಕಟ್ಟಡದ ಕೆಲಸಕ್ಕೆ ಹೋಗಿಬಿಡುತ್ತಿದ್ದರು. ಮಕ್ಕಳು ಅಜ್ಜಿಯರ ಪಾಲು. ಅಜ್ಜಿಯರ ಕಣ್ಣಿಗೆ ಮಕ್ಕಳೇ ಸರಿಯಾಗಿ ಕಾಣಿಸದು, ಹೇನು ಎಲ್ಲಿಂದ ಕಂಡೀತು? ಟ್ಯಾಂಕರಿನ ನೀರು ಅಡುಗೆಗೇ ಸಾಲದಿರುವಾಗ ತಲೆಯ ಪಾಳಿ ಯಾವಾಗ? ಮಳೆ ಕೈಕೊಟ್ಟ ವರ್ಷ ಇಡೀ ಔರಾದ ತಾಲೂಕಿನಲ್ಲಿ ಹುಲುಸಾಗಿ ಬಂದ ಬೆಳೆ ಒಂದೇ, ಅದು ಮಕ್ಕಳ ತಲೆಯ ಮೇಲಿತ್ತು.

2003ರಲ್ಲಿ ಅಕ್ಕೋರು ತಮ್ಮ ಬದುಕಿನ ಅತಿ ದೊಡ್ಡ ದಂಡಯಾತ್ರೆ ಕೈಗೊಂಡರು. ಮಚ್ಛೇಂದ್ರ ಎಂಬ ಕೂಲಿಕಾರನ ಮಗಳು ಮೀರಾಬಾಯಿ, ನಾಲ್ಕನೆಯ ಇಯತ್ತೆಯಲ್ಲಿ ಓದುತ್ತಿದ್ದಳು. ಸೊಂಟಕ್ಕೆ ಇಳಿಬಿದ್ದ ಕೂದಲು. ಅದರೊಳಗಿನ ಸೈನ್ಯದ ಲೆಕ್ಕ ಹಾಕಲು ಅಂಕಿಗಳು ಸಾಲುತ್ತಿರಲಿಲ್ಲ. ಬೀದರಿನ ಕೋಟೆಗಾದರೂ ಮೂರು ಸುತ್ತಿನ ಕಂದಕ, ಈ ಹುಡುಗಿಯ ತಲೆಗೆ ಏಳು ಸುತ್ತು. ತಲೆ ಬೋಳಿಸಿಬಿಡಿ ಎಂದು ಅಂದಿನ ಹೆಡ್‌ಮಾಸ್ತರರು ಸಲಹೆ ಕೊಟ್ಟರು. ಅಜ್ಜಿಯೂ ಒಪ್ಪಿದಳು. ಕೆಲವು ಮಾಸ್ತರರು ಮೀರಾಳ ಓಣಿಯ ಮಕ್ಕಳ ತಲೆಯನ್ನು ಮುಟ್ಟುತ್ತಲೇ ಇರಲಿಲ್ಲ. ಅದಕ್ಕೆ ಕಾರಣ ಹೇನು ಆಗಿರಲಿಲ್ಲ. ಮೀರಾ ಮಾತ್ರ ಜಡೆಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು, ಅವ್ವ ಬರುವವರೆಗೆ ಕೊಡುವುದಿಲ್ಲ ಎಂದು ಅತ್ತಳು.

ಅಕ್ಕೋರು ಹಣಿಗೆ ತೆಗೆದರು. ಹದಿನಾಲ್ಕು ಶನಿವಾರ. ಯುಗಾದಿಗೆ ಅವ್ವ ಹೈದರಾಬಾದಿನಿಂದ ಬಂದಾಗ ಮಗಳ ಜಡೆ ಸೊಂಟದ ಮೇಲೆಯೇ ಇತ್ತು, ಎಣ್ಣೆ ಹಚ್ಚಿ, ಕೆಂಪು ರಿಬ್ಬನ್ ಕಟ್ಟಿಸಿಕೊಂಡು. ಆ ತಾಯಿ ಅಕ್ಕೋರ ಕೈ ಹಿಡಿದು ನಿಂತಳು. ಮಕ್ಕಳಿಲ್ಲದ ಫ್ಲಾರೆನ್ಸ ಅಕ್ಕೋರಿಗೆ ಅಂದಿನಿಂದ ಚಿದ್ರಿಯ ಮನೆಯಲ್ಲಿ ಪ್ರತಿ ಕ್ರಿಸ್ಮಸ್‌ಗೆ ಮೀರಾಳಿಗೆಂದು ಒಂದು ಎಲೆ ಹೆಚ್ಚಿಗೆ ಹಾಕುವ ಕೆಲಸ ಬಂತು. ಮೀರಾ ಹೈಸ್ಕೂಲಿಗೆ ಹೋದಳು, ಬೀದರಿನಲ್ಲಿ ಕಾಲೇಜು ಮುಗಿಸಿದಳು, ಮಕ್ಕಳ ಹಕ್ಕುಗಳ ಸಂಸ್ಥೆಯೊಂದರಲ್ಲಿ ಕೆಲಸಕ್ಕೆ ಸೇರಿದಳು. ಅಕ್ಕೋರು ಈ ಸುದ್ದಿಯನ್ನು ಬಸ್ಸಿನ ಕಂಡಕ್ಟರನಿಗೂ ಹೇಳಿದ್ದರು.

ಈ ನಡುವೆ ನಿಯಮಗಳು ಬಂದವು. ಮೊದಲು ಬೆತ್ತ ಹೋಯಿತು. ಅಕ್ಕೋರಿಗೆ ಖುಷಿಯೇ ಆಯಿತು. ಶಾಲೆಯ ಬೆತ್ತವನ್ನು ತಾವೇ ಮುರಿದು ಬಿಸಿಯೂಟದ ಒಲೆಗೆ ಹಾಕಿದರು. ಆಮೇಲೆ ಮಕ್ಕಳು ಕಸ ಗುಡಿಸಬಾರದು ಎಂದಾಯಿತು. ಅಕ್ಕೋರು ಗುಡಿಸಿದರು. ಆಮೇಲೆ ಯಾರನ್ನೂ ದಡ್ಡ ಎನ್ನಬಾರದು, 'ನಿಧಾನ ಕಲಿಕೆಯ ಮಗು' ಎನ್ನಬೇಕು ಎಂದು ಬಂತು. ಎರಡು ವರ್ಷದಲ್ಲಿ 'ನಿಧಾನ' ಎಂಬುದೂ ಮನಸ್ಸಿಗೆ ನೋವು ಮಾಡುತ್ತದೆ ಎಂದು ಪತ್ತೆಯಾಗಿ, 'ತನ್ನದೇ ವೇಗದಲ್ಲಿ ಕಲಿಯುವ ಮಗು' ಎಂದು ತಿದ್ದುಪಡಿ ಬಂತು.

"ಹಂಗಾದ್ರ ನಮ್ಮ ಔರಾದ ಬಸ್ಸೂ ಲೇಟ್ ಬರೂದಿಲ್ರಿ ಅಕ್ಕೋರ," ಎಂದರು ಗಣಿತದ ಅಯ್ಯುಬ ಮಾಸ್ತರರು. "ತನ್ನದೇ ವೇಗದಾಗ ಬರ್ತದ."

ಕೊನೆಗೆ ಸುತ್ತೋಲೆಯ ಕಣ್ಣು ಹೇನಿನ ಮೇಲೂ ಬಿತ್ತು. ಮಕ್ಕಳ ಎದುರಿಗೆ ಆ ಶಬ್ದ ಎತ್ತಬಾರದು. ಅಂಥ ಮಗುವನ್ನು 'ವಿಶೇಷ ನೈರ್ಮಲ್ಯದ ಅಗತ್ಯವುಳ್ಳ ಮಗು' ಎಂದು ಕರೆಯಬೇಕು. ತಮ್ಮ ಹೆಸರು ಬದಲಾದ ಸಂಗತಿ ಹೇನುಗಳಿಗೆ ತಿಳಿಯಲಿಲ್ಲ. ಅವು ಹಳೆಯ ಹೆಸರಿನಲ್ಲಿಯೇ ಸಂಸಾರ ಮುಂದುವರಿಸಿದವು.

2018ರಲ್ಲಿ ಮತ್ತೆ ಬರ. ಮತ್ತೆ ಹೈದರಾಬಾದಿನ ಬಸ್ಸು ಭರ್ತಿ. ಮೂರನೆಯ ಇಯತ್ತೆಯ ಆಬೇದಾ ತನ್ನ ದಾದಿ, ಅಂದರೆ ಅಪ್ಪನ ಅವ್ವ, ಮಹಮೂದಾ ಬೇಗಂ ಜೊತೆ ಹಳ್ಳಿಯಲ್ಲಿ ಉಳಿದಳು. ದಾದಿಯ ಎರಡೂ ಕಣ್ಣಿಗೆ ಪೊರೆ. ಮೊಮ್ಮಗಳು ರಾತ್ರಿಯಿಡೀ ತಲೆ ಕೆರೆದುಕೊಳ್ಳುವ ಸದ್ದು ಕೇಳಿ ಕೇಳಿ, ಮುದುಕಿ ಕ್ಷೌರಿಕನಿಗೆ ಹೇಳಿಕಳಿಸಿದ್ದಳು. ಆಬೇದಾ ಶಾಲೆಗೆ ಓಡಿ ಬಂದು ಅಕ್ಕೋರ ಕುರ್ಚಿಯ ಹಿಂದೆ ನಿಂತುಬಿಟ್ಟಳು.

ಅಕ್ಕೋರಿಗೆ ನಿವೃತ್ತಿಗೆ ಆರು ತಿಂಗಳಿತ್ತು. ಅವರು ಮುದುಕಿಯ ಮನೆಗೆ ಹೋಗಿ, ಕ್ಷೌರಿಕನಿಗೆ ಬೇಡವೆಂದು ಹೇಳಿಸಿದರು. ಬರುವ ಶನಿವಾರದಿಂದ ತಾವೇ ಹೇನು ತೆಗೆಯುವುದಾಗಿ, ಮಗುವಿನ ಒಂದು ಕೂದಲೂ ಹೋಗುವುದಿಲ್ಲವೆಂದು ಮಾತು ಕೊಟ್ಟರು. ಮುದುಕಿ ಶನಿವಾರದವರೆಗೆ ಕಾಯಲು ಒಪ್ಪಿದಳು. ಆಬೇದಾ ಬಾಗಿಲಲ್ಲಿ ನಿಂತು ಎಲ್ಲವನ್ನೂ ಕೇಳಿಸಿಕೊಂಡಳು.

ಅದೇ ವಾರ, ಗುರುವಾರ ಮತ್ತು ಶುಕ್ರವಾರ, ಭಾಲ್ಕಿಯಲ್ಲಿ ಶಿಕ್ಷಕರಿಗೆ ತರಬೇತಿ ಇತ್ತು. ವಿಷಯ 'ಮಗುವಿನ ಘನತೆ'. ತರಬೇತುದಾರರ ಪಟ್ಟಿಯಲ್ಲಿ ಮೀರಾಬಾಯಿಯ ಹೆಸರು ಕಂಡದ್ದೇ ಅಕ್ಕೋರು ಹಿಂದಿನ ದಿನ ರಜೆ ಹಾಕಿ ಶೇಂಗಾ ಹೋಳಿಗೆ ಮಾಡಿದರು. ಭಾಲ್ಕಿಯ ಸಭಾಂಗಣದಲ್ಲಿ ಡಬ್ಬಿಯನ್ನು ಮಡಿಲಲ್ಲಿಟ್ಟುಕೊಂಡು ಮೊದಲನೆಯ ಸಾಲಿನಲ್ಲಿ ಕುಳಿತರು. ಪಕ್ಕದಲ್ಲಿ ಅಯ್ಯುಬ ಮಾಸ್ತರರು. ಹಿಂದೆ ಔರಾದ ಮತ್ತು ಭಾಲ್ಕಿ ತಾಲೂಕಿನ ನೂರಾ ಇಪ್ಪತ್ತು ಜನ, ಅರ್ಧ ಜನ ನಿದ್ದೆಗೆ ಸಿದ್ಧರಾಗಿ.

ಮೀರಾ ಮೈಕ್ ಹಿಡಿದು ವೇದಿಕೆಗೆ ಬಂದಳು. ಜಡೆ ಇನ್ನೂ ಸೊಂಟದ ಮೇಲೆಯೇ ಇತ್ತು. ಅಕ್ಕೋರು ಹಿಂದಿನ ಸಾಲಿನವರತ್ತ ಒಮ್ಮೆ ತಿರುಗಿ ನೋಡಿದರು. ಆ ಜಡೆಯ ಶಿಲ್ಪಿ ಯಾರೆಂದು ಅವರಿಗೆ ತಿಳಿಯಲಿ ಎಂದು.

ಅವಳು ಚೆನ್ನಾಗಿ ಮಾತಾಡಿದಳು. ಮೊದಲು ಬೆತ್ತ, ಬೈಗುಳ, ಅಡ್ಡಹೆಸರು. ನಂತರ, ತನ್ನ ಸ್ವಂತ ಅನುಭವ ಎಂದು, ಒಂದು ಕತೆ ಹೇಳಿದಳು. ಒಂದು ಹಳ್ಳಿಯ ಶಾಲೆ. ಅಪ್ಪ ಅವ್ವ ಊರಲ್ಲಿಲ್ಲದ ಒಂದು ಹುಡುಗಿ. ಪ್ರತಿ ಶನಿವಾರ, ಇಡೀ ಶಾಲೆಯ ಎದುರಿಗೆ, ಒಬ್ಬ ಶಿಕ್ಷಕಿ ಆ ಹುಡುಗಿಯನ್ನು ಮರದ ಕೆಳಗೆ ಕೂರಿಸಿ, ತಲೆಯಿಂದ ತೆಗೆದದ್ದನ್ನು ಬಿಳಿ ಬಟ್ಟೆಯ ಮೇಲೆ ಎಲ್ಲರಿಗೂ ಕಾಣುವಂತೆ ಹಾಕುತ್ತಿದ್ದಳು. ಹದಿನಾಲ್ಕು ವಾರ. ಆ ಹುಡುಗಿಗೆ ಏಳನೆಯ ಇಯತ್ತೆಯವರೆಗೆ ಮಕ್ಕಳು ಇಟ್ಟ ಹೆಸರು 'ಹೇನಿನ ಮೀರಾ'. ಮಗುವಿನ ಘನತೆಯನ್ನು ಒಳ್ಳೆಯ ಉದ್ದೇಶದಿಂದಲೂ ಕೊಲ್ಲಬಹುದು ಎಂಬುದಕ್ಕೆ ಇದು ಉದಾಹರಣೆ ಎಂದಳು.

ಶಿಕ್ಷಕಿಯ ಹೆಸರು ಹೇಳಲಿಲ್ಲ. ಔರಾದ ತಾಲೂಕಿನ ಮಾಸ್ತರರಿಗೆ ಹೆಸರು ಬೇಕಾಗಿಯೂ ಇರಲಿಲ್ಲ. ನಿದ್ದೆಗೆ ಸಿದ್ಧರಾಗಿದ್ದವರೆಲ್ಲ ಎಚ್ಚರವಾಗಿ ಮೊದಲನೆಯ ಸಾಲಿನತ್ತ ನೋಡತೊಡಗಿದರು. ಅಯ್ಯುಬ ಮಾಸ್ತರರು, ಬಾಯಲ್ಲಿ ಸದಾ ಒಂದು ಚಟಾಕಿ ಇಟ್ಟುಕೊಂಡೇ ಇರುತ್ತಿದ್ದ ಮನುಷ್ಯ, ಅಂದು ತಮ್ಮ ಚಪ್ಪಲಿಯನ್ನೇ ನೋಡುತ್ತ ಕುಳಿತರು.

ಊಟದ ಹೊತ್ತಿಗೆ ಮೀರಾ ತಾನಾಗಿಯೇ ಬಂದಳು. ಅಕ್ಕೋರು ಜಗುಲಿಯ ಕಂಬದ ಪಕ್ಕದಲ್ಲಿ ತಟ್ಟೆಯಿಲ್ಲದೆ ನಿಂತಿದ್ದರು.

"ನಿಮ್ಮ ಹೆಸರ ಎಲ್ಲೂ ಹೇಳಿಲ್ರಿ ಅಕ್ಕೋರ," ಎಂದಳು.

"ಹೇಳಿದ್ರ ಬರೊಬ್ಬರಿ ಇತ್ತು. ಎದ್ದು ನಿಂತು ಮಾತರ ಆಡ್ತಿದ್ದೆ."

ಅಕ್ಕೋರು ಅವಳ ಜಡೆಯನ್ನು ನೋಡಿದರು, ಮುಟ್ಟಲಿಲ್ಲ. "ಹೆಡ್‌ಮಾಸ್ತರು ಬೋಳಸ್ರಿ ಅಂದಿದ್ರು. ಅದನ್ನೂ ಹೇಳಬೇಕಿತ್ತಲ್ಲವ್ವ."

"ಕೂದಲ ಉಳಿಸಿದ್ರಿ. ಅದನ್ನ ನಾ ಸಾಯೂತನ ಮರಿಯಂಗಿಲ್ಲ. ಆದ್ರ ಒಳಗ ಕೂಡಿಸಿ ಮಾಡಬಹುದಿತ್ತು, ಅಕ್ಕೋರ. ಬಾಗಲ ಹಾಕ್ಕೊಂಡು."

"ಒಳಗ ಲೈಟ್ ಎಲ್ಲಿತ್ತು? ಕತ್ತಲ್ಯಾಗ ಹೇನು ಕಾಣತಾವೇನ?"

"ನಾ ಒಂಬತ್ತು ವರ್ಷದಾಕಿ ಇದ್ದೆ. ಲೈಟಿನ ಮಾತು ನನಗೇನು ಗೊತ್ತು. ಹುಡುಗೂರು ನಗತಿದ್ರು. ಒಂದು ಸಲ ನೀವೂ ನಕ್ಕಿರಿ."

ಅಕ್ಕೋರಿಗೆ ಆ ನಗು ನೆನಪಿರಲಿಲ್ಲ. ನಕ್ಕಿರಬಹುದು, ಹೇನು ಹಿಡಿಯುವಾಗ ಅವರು ಹಾಡುತ್ತಿದ್ದರು, ನಗುತ್ತಿದ್ದರು, ಸತ್ತವರ ಸಂಖ್ಯೆಯನ್ನು ಗಟ್ಟಿಯಾಗಿ ಘೋಷಿಸುತ್ತಿದ್ದರು. ಮಕ್ಕಳು ಹೆದರಬಾರದು ಎಂದೇ ಅದನ್ನೊಂದು ಆಟ ಮಾಡಿಕೊಂಡಿದ್ದರು.

"ಹದಿನಾಲ್ಕು ಕ್ರಿಸ್ಮಸ್ ನಮ್ಮನ್ಯಾಗ ಉಂಡಿ, ಮೀರಾ," ಎಂದರು ಕೊನೆಗೆ. "ಒಂದ ಸಲ ನನಗ ಹೇಳಬಾರದಿತ್ತೇನ?"

"ನಿಮಗ ಹ್ಯಾಂಗ ಹೇಳ್ಲಿರಿ?"

"ನೂರಾ ಇಪ್ಪತ್ತು ಮಂದಿಗಿ ಹೇಳಿದಿ."

ಯಾರೋ ಕರೆದರು, ಮೀರಾ ಹೋದಳು. ಹೋಳಿಗೆಯ ಡಬ್ಬಿ ಅಕ್ಕೋರ ಕೈಯಲ್ಲಿಯೇ ಉಳಿಯಿತು. ಅದನ್ನು ಸಂಜೆ ಬೀದರಿನ ಬಸ್ಸಿನಲ್ಲಿ ಗುರುತು ಪರಿಚಯವಿಲ್ಲದ ಒಂದು ಸಂಸಾರ ತಿಂದು ಮುಗಿಸಿತು.

ಮರುದಿನ ಮಧ್ಯಾಹ್ನ ಎಲ್ಲರಿಗೂ ಒಂದೊಂದು ಪ್ರತಿಜ್ಞಾಪತ್ರ ಹಂಚಿದರು. ಮಗುವಿನ ತಲೆ, ಕೂದಲು, ಕೆನ್ನೆ ಮುಟ್ಟುವುದಿಲ್ಲ. ನೈರ್ಮಲ್ಯದ ವಿಷಯವನ್ನು ಪಾಲಕರಿಗೆ ಲಿಖಿತವಾಗಿ ತಿಳಿಸುತ್ತೇನೆ. ಪಾಲಕರು ಹೈದರಾಬಾದಿನಲ್ಲಿ ಹತ್ತನೆಯ ಮಹಡಿಯ ಮೇಲೆ ಸಿಮೆಂಟು ಹೊರುತ್ತಿದ್ದರೆ ಪತ್ರವನ್ನು ಯಾವ ಮಹಡಿಗೆ ಕಳಿಸಬೇಕು ಎಂಬುದನ್ನು ನಮೂದಿಸಿರಲಿಲ್ಲ. ಪ್ರತಿಜ್ಞಾಪತ್ರಗಳಿಗೆ ಅಕ್ಕೋರು ಎಂದೂ ಹೆದರಿದವರಲ್ಲ. ಇಂಥ ಕಾಗದಗಳಿಗೆ ಸಹಿ ಹಾಕಿ, ಮರುದಿನ ಬೆಳಿಗ್ಗೆ ತಮಗೆ ಸರಿ ಕಂಡದ್ದನ್ನು ಮಾಡಿಯೇ ಮೂವತ್ತೊಂದು ವರ್ಷ ಕಳೆದಿದ್ದರು. ಅಂದೂ ಸಹಿ ಹಾಕಿದರು. ಇದೂ ಹಾಗೆಯೇ ಎಂದುಕೊಂಡರು ಅಯ್ಯುಬ ಮಾಸ್ತರರು.

ಶನಿವಾರ ಆಬೇದಾ ಎಲ್ಲರಿಗಿಂತ ಮೊದಲು ಶಾಲೆಗೆ ಬಂದಿದ್ದಳು. ಹಣೆಗೆ ಬಟ್ಟೆಯ ಪಟ್ಟಿಯನ್ನು ಮನೆಯಿಂದಲೇ ಕಟ್ಟಿಕೊಂಡು ಬಂದಿದ್ದಳು. ಹತ್ತೂವರೆಗೆ ಹೋಗಿ ಬೇವಿನ ಕಟ್ಟೆಯ ಮೇಲೆ ಕುಳಿತಳು. ಅಕ್ಕೋರು ಹಾಜರಿ ಪುಸ್ತಕ ತೆರೆದರು, ಮುಚ್ಚಿದರು, ಮತ್ತೆ ತೆರೆದರು.

ಅಯ್ಯುಬ ಮಾಸ್ತರರು ಒಳಗೆ ಬಂದು, ಗೇಟಿನಲ್ಲಿ ತಾನೇ ಕಾವಲು ನಿಲ್ಲುತ್ತೇನೆ ಎಂದರು. ಯಾರಾದರೂ ಬಂದರೆ ಕೆಮ್ಮುತ್ತಾರಂತೆ. ಈಗಂತೂ ಒಳಗೆ ಲೈಟಿದೆ, ಬಾಗಿಲು ಹಾಕಿಕೊಂಡೇ ಮಾಡಬಹುದಲ್ಲ ಎಂದೂ ಹೇಳಿದರು.

"ಆಫೀಸರಿಗಿ ನಾ ಅಂಜೂದಿಲ್ರಿ, ಮಾಸ್ತರ," ಎಂದರು ಅಕ್ಕೋರು. "ಈ ಕೂಸೂ ಹದಿನೈದು ವರ್ಷ ಬಿಟ್ಟು ಎಲ್ಲೋ ಎದ್ದು ನಿಂತು, ಫ್ಲಾರೆನ್ಸ ಟೀಚರ್ ನನ್ನ ಮಾನ ತಗದ್ಳು ಅಂದ್ರ? ಒಳಗ ಮಾಡಿದ್ರ ಬಾಗಲ ಯಾಕ ಹಾಕಿದ್ಳು ಅಂತಾರ. ನನ್ನ ಕೈಯಾಗ ಏನದ, ಪ್ರೀತಿ ಅದನೋ ಮತ್ತೇನರೆ ಅದನೋ, ಈಗ ನನಗ ಗೊತ್ತಾಗವಲ್ದು."

ಮಾಸ್ತರರು ತಮ್ಮ ತರಗತಿಗೆ ಹೋದರು.

ಹನ್ನೊಂದೂವರೆಗೆ ಗಂಟೆ ಹೊಡೆಯಿತು. ಅಕ್ಕೋರು ಕಟ್ಟೆಯ ಬಳಿಗೆ ಹೋಗಿ, ಎರಡು ಮಾರು ದೂರದಲ್ಲಿಯೇ ನಿಂತು, ಇವತ್ತು ಆಗುವುದಿಲ್ಲ, ಮನೆಗೆ ಹೋಗು ಎಂದರು. ಮುಂದಿನ ಶನಿವಾರ ಎಂದು ಹೇಳಲಿಲ್ಲ. ಮಹಮೂದಾ ಬೇಗಂಗೆ ಒಂದು ಚೀಟಿ ಬರೆದು, ನೈರ್ಮಲ್ಯದ ಬಗ್ಗೆ ಕಾಳಜಿ ವಹಿಸಲು ಕೋರಿದರು. ಆಕೆಗೆ ಓದಲು ಬರುತ್ತಿರಲಿಲ್ಲ, ಬಂದಿದ್ದರೂ ಕಾಣುತ್ತಿರಲಿಲ್ಲ. ಸೀತಾಫಲದ ಎಣ್ಣೆಯ ಬಾಟಲಿಯನ್ನು ಕಣ್ಣು ಕಾಣದ ಮುದುಕಿಯ ಕೈಗೆ ಕೊಡುವಂತಿರಲಿಲ್ಲ. ಅದನ್ನು ಅಕ್ಕೋರು ಶಾಲೆಯ ಹಿಂದಿನ ಮೋರಿಗೆ ಸುರುವಿದರು.

ಭಾನುವಾರ ಕ್ಷೌರಿಕ ಬಂದು ಹೋದ. ಅವನು ಯಾವ ಪ್ರತಿಜ್ಞಾಪತ್ರಕ್ಕೂ ಸಹಿ ಹಾಕಿರಲಿಲ್ಲ. ಸೋಮವಾರ ಆಬೇದಾ ತಲೆಗೆ ಸ್ಕಾರ್ಫ್ ಸುತ್ತಿಕೊಂಡು ಶಾಲೆಗೆ ಬಂದಳು. ಮಧ್ಯಾಹ್ನದ ಆಟದಲ್ಲಿ ಯಾರೋ ಅದನ್ನು ಎಳೆದರು. ಅವಳು ಓಡಿಸಿಕೊಂಡು ಹೋಗಿ ಸ್ಕಾರ್ಫ್ ಕಿತ್ತುಕೊಂಡು, ಯಾರ ಎದುರೂ ಅಳದೆ ಮತ್ತೆ ಸುತ್ತಿಕೊಂಡಳು.

ತಿಂಗಳ ಕೊನೆಗೆ ಹೊಸ ನಮೂನೆಯೊಂದನ್ನು ತುಂಬಿ ಕಳಿಸಬೇಕಿತ್ತು. ಈ ತಿಂಗಳು ಯಾವುದೇ ಶಿಕ್ಷಕರು ಯಾವುದೇ ಮಗುವಿನ ಕೂದಲನ್ನು ಮುಟ್ಟಿರುವರೇ? ಅಕ್ಕೋರು 'ಇಲ್ಲ' ಎಂದು ದುಂಡಗೆ ಬರೆದರು. ಮಕ್ಕಳ ಘನತೆ ಕಾಪಾಡಲಾಗಿದೆಯೇ? 'ಹೌದು' ಎಂದು ಬರೆಯುತ್ತಿದ್ದಾಗ ಆಬೇದಾ ಮೇಜಿನ ಪಕ್ಕಕ್ಕೆ ಬಂದು ನಿಂತಳು. ತಿದ್ದಿಸಿಕೊಳ್ಳಲು ಲೆಕ್ಕದ ವಹಿ ತಂದಿದ್ದಳು.

ಅಕ್ಕೋರು ಲೆಕ್ಕ ನೋಡಿದರು. ಎಲ್ಲ ಸರಿಯಿತ್ತು. ವಹಿಯನ್ನು ಮೇಜಿನ ಮೇಲೆ ಅವಳತ್ತ ಸರಿಸಿದರು, ಕೈಗೆ ಕೈ ತಾಗದಂತೆ.

ಆಬೇದಾ ವಹಿ ತೆಗೆದುಕೊಳ್ಳಲಿಲ್ಲ.

"ಮಾಡ್ತೇನಿ ಅಂದಿದ್ರಿ, ಅಕ್ಕೋರ," ಎಂದಳು.

"ಅಂದಿದ್ದೆ," ಎಂದರು ಫ್ಲಾರೆನ್ಸ ಅಕ್ಕೋರು.

ಮಗು ಇನ್ನೂ ಸ್ವಲ್ಪ ಹೊತ್ತು ಕಾಯಿತು. ಆಮೇಲೆ ವಹಿ ಎತ್ತಿಕೊಂಡು ಹೋಗಿ, ಮೊದಲಿನ ಜಾಗ ಬಿಟ್ಟು, ಕೋಣೆಯ ಕೊನೆಯ ಸಾಲಿನಲ್ಲಿ ಕುಳಿತಿತು.